ಕಾಸ್ ಪಠಾರಕ್ಕೆ ದಸರಾ ರಜೆವರೆಗೆ ಕಾಯಬೇಡಿ

ನಮ್ಮ ಮೈಸೂರಿನಲ್ಲಿ ದೂರದ ಪ್ರವಾಸವೆಂದರೆ ಮಕ್ಕಳ ದಸರಾ ರಜೆ. ಮಹಾರಾಷ್ಟ್ರದ ಸತಾರಾ ಜಿಲ್ಲೆಯ ಕಾಸ್ ಪಠಾರಕ್ಕೆ, ಅಂದರೆ ಕಾಸ್ ಪ್ರಸ್ಥಭೂಮಿಗೆ, ಈ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಹೂವಿನ ಕಾಲ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ. ನಾನು ಹೋಗುವುದು ಸೆಪ್ಟೆಂಬರ್ ಎರಡನೇ ಅಥವಾ ಮೂರನೇ ವಾರ. ಸುಮಾರು 1,200 ಮೀಟರ್ ಎತ್ತರದ ಆ ಬಯಲಲ್ಲಿ ಜಂಬಿಟ್ಟಿಗೆ ಕಲ್ಲಿನ ಮೇಲೆ ಮಣ್ಣು ತೀರಾ ತೆಳು. ಮಳೆ ಹಿಂದೆ ಸರಿದರೆ ತೇವ ಉಳಿಯದು, ಗಿಡಗಳು ಅಷ್ಟರೊಳಗೆ ಹೂಬಿಟ್ಟು ಬೀಜ ಕಟ್ಟಿಬಿಡಬೇಕು.

ಕಾರಿನಲ್ಲಿ ಹೋಗುವವರು ಬೆಂಗಳೂರಿನ ಗೊಡವೆಗೆ ಹೋಗಬೇಡಿ. ಪಾಂಡವಪುರ, ನಾಗಮಂಗಲ, ಹುಳಿಯಾರು ದಾಟಿ ಹಿರಿಯೂರಿನಲ್ಲಿ ಹೆದ್ದಾರಿ 48 ಸೇರಿಕೊಳ್ಳಿ. ಸತಾರಾಕ್ಕೆ ಎಂಟುನೂರು ಕಿ.ಮೀ. ಹತ್ತಿರ, ಒಂದೇ ಏಟಿಗೆ ಓಡಿಸದೆ ರಾತ್ರಿ ಬೆಳಗಾವಿಯಲ್ಲಿ ತಂಗುವುದೇ ಒಳ್ಳೆಯದು. ಸತಾರಾ ಊರಿಂದ ಪಠಾರಕ್ಕೆ ಇನ್ನೂ 25 ಕಿ.ಮೀ. ಘಟ್ಟದ ದಾರಿ, ಮಂಜು ಕವಿದರೆ ಒಂದು ಗಂಟೆ ಹಿಡಿಯುತ್ತದೆ. ಹೂವಿನ ಕಾಲದಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ, ಶನಿವಾರ ಭಾನುವಾರ ಬಿಟ್ಟು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ.

ಬಹಳ ಜನ ನಿಂತಲ್ಲಿಂದಲೇ ಕಣ್ಣಾಡಿಸಿ, "ಫೋಟೋದಲ್ಲಿ ಕಂಡಷ್ಟಿಲ್ಲ" ಎಂದು ಹೊರಟುಬಿಡುತ್ತಾರೆ. ಇಲ್ಲಿನ ಹೂಗಳಲ್ಲಿ ಹೆಚ್ಚಿನವು ಪಾದದ ಮಟ್ಟದವು. ಕಾಲುದಾರಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು ಹತ್ತು ನಿಮಿಷ ನೋಡಿ. ನೀಲಿ-ನೇರಳೆ ಹಾಸಿನಂತೆ ಕಾಣುವುದನ್ನು ಊರವರು ಮರಾಠಿಯಲ್ಲಿ 'ಸೀತೇಚಿ ಆಸವೇ' (ಸೀತೆಯ ಕಣ್ಣೀರು) ಎನ್ನುತ್ತಾರೆ. ಅದು ಯುಟ್ರಿಕ್ಯುಲೇರಿಯಾ, ನೆಲದೊಳಗಿನ ಪುಟ್ಟ ಚೀಲಗಳಿಂದ ಸೂಕ್ಷ್ಮಜೀವಿಗಳನ್ನು ಹೀರಿ ಹಿಡಿಯುವ ಗಿಡ. ಪಕ್ಕದಲ್ಲೇ ಡ್ರೊಸೆರಾ ಎಂಬ ಇನ್ನೊಂದು ಹುಳ ಹಿಡಿಯುವ ಗಿಡ ಇರಬಹುದು. ಅದರ ಕೆಂಪು ರೋಮಗಳ ತುದಿಯ ಅಂಟುಹನಿ ಇಬ್ಬನಿ ಆರಿದ ಮೇಲೂ ಹೊಳೆಯುತ್ತಿರುತ್ತದೆ, ಹುಡುಕಲು ಅದೇ ಗುರುತು. ಸಾರವಿಲ್ಲದ ಮಣ್ಣಲ್ಲಿ ಸಾರಜನಕಕ್ಕಾಗಿ ಇವು ಹುಳ ಹಿಡಿಯುತ್ತವೆ. ಗುಲಾಬಿ ಬಣ್ಣದ ತೇರಡಾ ಹೂ ಇದೇ ಹೊತ್ತಿನದು, ಹಳದಿ ಸೋನ್ಕಿ ಹೂ ತುಸು ತಡ. ಬುಟ್ಟಿ ಬೋರಲು ಹಾಕಿದಂತೆ ದುಂಡಗಿರುವ ಪೊದೆ ಟೋಪ್ಲಿ ಕಾರ್ವಿ. ಏಳು ವರ್ಷಕ್ಕೊಮ್ಮೆ ಹೂಬಿಡುವುದರಿಂದ ಆ ವರ್ಷ ಹೌದೋ ಅಲ್ಲವೋ ಕೇಳಿಕೊಂಡೇ ಹೊರಡಿ.

ದಯವಿಟ್ಟು ಕಾಲುದಾರಿ ಬಿಟ್ಟು ಇಳಿಯಬೇಡಿ. ಅಷ್ಟು ತೆಳು ಮಣ್ಣನ್ನು ತುಳಿದರೆ ಅದು ಗಟ್ಟಿಯಾಗುತ್ತದೆ, ಮುಂದಿನ ಮಳೆಗೆ ಅಲ್ಲಿ ಬೀಜ ಮೊಳೆಯುವುದು ಕಷ್ಟ. 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವಿದು.

ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ರೇನ್‌ಕೋಟ್ ಒಯ್ಯಿರಿ. ಪಾಚಿಗಟ್ಟಿದ ಕಲ್ಲಿಗೆ ಹಿಡಿತವಿರುವ ಬೂಟು ಬೇಕು, ಚಪ್ಪಲಿ ಸಾಲದು. ಮಂಜು ಕವಿದು ಏನೂ ಕಾಣದಿದ್ದರೆ ಅಲ್ಲೇ ಅರ್ಧ ಗಂಟೆ ಕಾಯಿರಿ, ಬಹಳ ಸಲ ಸರಿಯುತ್ತದೆ. ಬಿಸಿಲು ಬಿದ್ದ ಮೇಲೆ ಬಣ್ಣವೂ ಬೇರೆಯೇ.