ಹೆಡ್‌ನಲ್ಲೇ ಮುರಿದುಳಿದ ಸೈಲೆನ್ಸರ್ ಸ್ಟಡ್: ನಾನು ತೆಗೆಯುವ ಕ್ರಮ

ಬೈಕಿನ ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆ) ಬಿಚ್ಚುವಾಗ, ಅದನ್ನು ಸಿಲಿಂಡರ್ ಹೆಡ್ಡಿಗೆ ಹಿಡಿದಿಡುವ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್, ಕಟ್ ಆದರೆ ಬಹಳ ಜನರ ಕೈ ಮೊದಲು ಹೋಗುವುದು ಈಜಿ ಔಟ್ (ತುಂಡಿನೊಳಗೆ ತೂತು ಕೊರೆದು, ಇಳಿಸಿ, ತಿರುಗಿಸಿ ತೆಗೆಯುವ ಉಪಕರಣ) ಕಡೆಗೆ. ಈ ಕೆಲಸಕ್ಕೆ ನಾನು ಅದನ್ನು ಮುಟ್ಟುವುದೇ ಇಲ್ಲ. 8 ಎಂಎಂ ಸ್ಟಡ್ ಇಡಿಯಾಗಿದ್ದಾಗಲೇ ತಿರುಗದೆ ತುಂಡಾಗಿದೆ. ಅದರೊಳಗೆ 4 ಎಂಎಂ ತೂತಿಗೆ ಇಳಿಸಿದ ಈಜಿ ಔಟ್ ಅದಕ್ಕಿಂತ ಹೆಚ್ಚು ಬಲ ತಡೆಯುತ್ತದೆಯೇ? ಸಾಲದ್ದಕ್ಕೆ ಮೊನಚಾದ ಅದರ ಆಕಾರ ಸ್ಟಡ್ಡನ್ನು ಒಳಗಿನಿಂದ ಅಗಲಿಸಿ ಥ್ರೆಡ್ಡಿಗೆ ಇನ್ನಷ್ಟು ಒತ್ತುತ್ತದೆ. ಅದೇ ಒಳಗೆ ಮುರಿದುಕೊಂಡರೆ ಸಾಮಾನ್ಯ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ, ಕಾರ್ಬೈಡ್ ಬಿಟ್ ಅಥವಾ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು) ಮಾಡುವವರನ್ನು ಹುಡುಕಬೇಕಾಗುತ್ತದೆ.

ಸ್ಟಡ್ ಕಚ್ಚಿಕೊಳ್ಳುವುದು ತುಕ್ಕಿನಿಂದ ಮಾತ್ರವಲ್ಲ. ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ನೀರು ಸೇರಿದಾಗ ಸವೆಯುವುದು ಅಲ್ಯೂಮಿನಿಯಂ. ಅದರಿಂದ ಹುಟ್ಟುವ ಬಿಳಿ ಪುಡಿ ಥ್ರೆಡ್ಡಿನ ಸಂದಿಯನ್ನೆಲ್ಲ ತುಂಬಿ ಬಿಗಿದುಬಿಡುತ್ತದೆ. ಇದನ್ನು ಬಿಡಿಸುವುದು ಬಿಸಿ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಕಾಯಿಸಬೇಕಾದದ್ದು ಸ್ಟಡ್ಡನ್ನಲ್ಲ, ಅದರ ಸುತ್ತಲಿನ ಹೆಡ್ಡನ್ನು.

ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿರುತ್ತೇನೆ. ಬೆಳಿಗ್ಗೆ ಅದನ್ನು ಒರೆಸಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟ ಮೇಲೆಯೇ ಹೀಟ್ ಗನ್ ಹಚ್ಚುವುದು. 130–150 ಡಿಗ್ರಿ ಸೆಲ್ಸಿಯಸ್ ಸಾಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ತೀರಾ ಕಡಿಮೆ ತೋರಿಸುತ್ತದೆ, ಅದಕ್ಕೆ ಅಲ್ಲಿ ಮಾರ್ಕರ್‌ನಿಂದ ಕಪ್ಪು ಚುಕ್ಕೆ ಹಚ್ಚಿ ಅದರ ಮೇಲೆ ಅಳೆಯುತ್ತೇನೆ. ಗ್ಯಾಸ್ ಟಾರ್ಚ್ ಬಳಸಬೇಕೆಂದರೆ ಒಂದು ನೆನಪಿರಲಿ: ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ನೇರ ಕುಸಿಯುತ್ತದೆ.

ತುಂಡು ಒಂದು ಸೆಂಟಿಮೀಟರಿನಷ್ಟು ಹೊರಗಿದ್ದರೆ ಬಿಸಿ ಇರುವಾಗಲೇ ಎರಡು ನಟ್ ಪರಸ್ಪರ ಬಿಗಿದು ಒಳಗಿನ ನಟ್ಟಿನಿಂದ ತಿರುಗಿಸಬಹುದು. ಥ್ರೆಡ್ ಸವೆದಿದ್ದರೆ ವೈಸ್ ಗ್ರಿಪ್ (ಹಿಡಿದು ಲಾಕ್ ಆಗುವ ಇಕ್ಕಳ). ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ನಟ್ ವೆಲ್ಡ್ ಮಾಡುವುದೇ ನನ್ನ ಮೊದಲ ಆಯ್ಕೆ.

ಎಂ8 (8 ಎಂಎಂ) ಸ್ಟಡ್ಡಿಗೆ ನಾನು ಎಂ10 ನಟ್ ಇಡುತ್ತೇನೆ. ತೂತು ದೊಡ್ಡದಿದ್ದರೆ ಆರ್ಕ್ ತಳದವರೆಗೆ ಮುಟ್ಟುತ್ತದೆ. ಜಿಂಕ್ ಲೇಪನದ ನಟ್ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಬ್ಯಾಟರಿಯ ಎರಡೂ ಟರ್ಮಿನಲ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಕನೆಕ್ಟರ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ಫ್ರೇಮಿಗಲ್ಲದೆ ಹೆಡ್ಡಿಗೇ ಹಾಕಿ, ಎಕ್ಸಾಸ್ಟ್ ಪೋರ್ಟ್ ಮುಚ್ಚಿ. ಆರ್ಕ್ ಹೊಡೆಯುವುದು ಸ್ಟಡ್ಡಿನ ನಟ್ಟನಡುವೆ. ಅಲ್ಲಿ ಮಣಿ ಕಟ್ಟಿಸಿ ಮೇಲೆ ತಂದು, ಆಮೇಲೆ ನಟ್ಟಿಗೆ ಸೇರಿಸಬೇಕು. ನಟ್ಟಿನಿಂದ ಶುರು ಮಾಡಿದರೆ ತಳ ಹಿಡಿಯದೆ ಮೇಲೆ ಮಾತ್ರ ಚೆಂದದ ವೆಲ್ಡ್ ಕಾಣುತ್ತದೆ. ಅಂಚಿನಲ್ಲಿ ಸ್ವಲ್ಪ ಚೆಲ್ಲಿದರೂ ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್ಮಿಗೆ ಬೆಸೆಯುವುದಿಲ್ಲ.

ಕೆಂಪು ಆರಿದ ಮೇಲೆ, ಪೂರ್ತಿ ತಣ್ಣಗಾಗುವ ಮೊದಲು ಸ್ಪ್ಯಾನರ್ ಹಾಕಿ. ಬಿಚ್ಚುವ ಕಡೆಗೇ ಎಳೆಯಬೇಡಿ; ಕೂದಲೆಳೆಯಷ್ಟು ಅತ್ತ, ಅಷ್ಟೇ ಇತ್ತ. ಮೊದಲ ಕದಲಿಕೆ ಕೈಗೆ ಗೊತ್ತಾಗುತ್ತದೆ: ರಬ್ಬರಿನಂತೆ ಜಗ್ಗುತ್ತಿದ್ದದ್ದು ಕಿರುಗುಟ್ಟಿ ಸರಿಯುತ್ತದೆ. ಬಿಗಿಯಾದಾಗಲೆಲ್ಲ ಹಿಂದೆ ತಿರುಗಿಸಿ ಹನಿ ಎಣ್ಣೆ ಬಿಡಿ. ನಟ್ ಕಿತ್ತು ಬಂದರೆ ಮತ್ತೆ ವೆಲ್ಡ್ ಮಾಡಿ, ಪ್ರತಿ ಸಲ ಕಾದು ಆರುವಾಗ ಹಿಡಿತ ಸಡಿಲವಾಗುತ್ತದೆ.

ತೀರಾ ಒಳಗೆ ಮುರಿದಿದ್ದರೆ ಮಾತ್ರ ಡ್ರಿಲ್. ಬಿಟ್ ಯಾವಾಗಲೂ ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ, ಹೆಡ್ ಹಾಳಾಗುವುದು ಹೀಗೆಯೇ. ಲೇತಿನಲ್ಲಿ ಸಣ್ಣ ಬುಷ್ ಮಾಡಿಸಿಕೊಳ್ಳಿ: ಹೊರಸುತ್ತು ಫ್ಲ್ಯಾಂಜಿನ (ಬೆಂಡ್ ಪೈಪನ್ನು ಹೆಡ್ಡಿಗೆ ಒತ್ತಿಹಿಡಿಯುವ ತಟ್ಟೆ) ತೂತಿಗೆ ಕೂರುವಂತೆ, ನಡುವೆ 3 ಎಂಎಂ ತೂತು. ಮುರಿಯದೆ ಉಳಿದ ಇನ್ನೊಂದು ಸ್ಟಡ್ಡಿಗೆ ಫ್ಲ್ಯಾಂಜ್ ಬಿಗಿದು, ಪೋರ್ಟಿಗೆ ನೇರ ಕೂತಿದೆಯೇ ನೋಡಿ, ಬುಷ್ಷಿನ ಮೂಲಕ ಕೊರೆಯಿರಿ. ಎಡತಿರುಗು ಬಿಟ್ ಸಿಕ್ಕರೆ ಅದೇ ಇರಲಿ, ಎಷ್ಟೋ ಸಲ ಕೊರೆಯುತ್ತಿದ್ದಂತೆ ತುಂಡೇ ಬಿಚ್ಚಿಕೊಂಡು ಬರುತ್ತದೆ. ಆಳವನ್ನು ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿ. ಎಂ8ಕ್ಕೆ 3, 5, ಕೊನೆಗೆ 6.5 ಎಂಎಂ, ಎಂ6ಕ್ಕೆ 4.8 ದಾಟಬೇಡಿ. ಉಳಿದ ಥ್ರೆಡ್ ಸುರುಳಿಯನ್ನು ಸೂಜಿಮೊನೆಯಿಂದ ಎಬ್ಬಿಸಿ, ಎಂ8×1.25 ಅಥವಾ ಎಂ6×1.0 ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಕೈಯಲ್ಲೇ ಓಡಿಸಿ. ಥ್ರೆಡ್ ಹೋಗಿದ್ದರೆ ವೈರ್ ಇನ್ಸರ್ಟ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿ, ಅದರ ಬಾಲ ಮುರಿದು ಹೊರತೆಗೆಯಿರಿ. ಆ ಬಾಲ ಸ್ಟೇನ್‌ಲೆಸ್ ಆದ್ದರಿಂದ ಆಯಸ್ಕಾಂತಕ್ಕೆ ಸಾಮಾನ್ಯವಾಗಿ ಬರುವುದಿಲ್ಲ, ಕಡ್ಡಿಗೆ ಗ್ರೀಸ್ ಹಚ್ಚಿ ಎತ್ತಬೇಕು.

ಹೊಸ ಸ್ಟಡ್ಡಿಗೆ ನಿಕ್ಕಲ್ ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳುವಾಗಿ ಹಚ್ಚಿ, ತಳ ಮುಟ್ಟುವವರೆಗೆ ಕೈಯಲ್ಲೇ ತಿರುಗಿಸಿದರೆ ಸಾಕು. ಗ್ಯಾಸ್ಕೆಟ್ ಹೊಸದೇ ಇರಲಿ. ನಟ್‌ಗಳನ್ನು ಒಂದರ ನಂತರ ಒಂದಕ್ಕೆ ಅರ್ಧರ್ಧ ಸುತ್ತಿನಂತೆ, ಮ್ಯಾನ್ಯುಯಲ್ ಹೇಳಿದ ಟಾರ್ಕ್ ಮೀರದೆ ಬಿಗಿಯಿರಿ. ಥ್ರೆಡ್ಡಿಗೆ ಲೇಪನವಿದ್ದಾಗ ಅದೇ ಟಾರ್ಕ್‌ಗೆ ಎಳೆತ ಹೆಚ್ಚುತ್ತದೆ. ಒಮ್ಮೆ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಮತ್ತೆ ಪರೀಕ್ಷಿಸಿ. ತಣ್ಣನೆ ಎಂಜಿನ್ ಶುರುವಾದಾಗ ಹೆಡ್ ಬಳಿ ಟಿಕ್ ಟಿಕ್ ಕೇಳಿ, ಬಿಸಿಯಾದ ಮೇಲೆ ನಿಂತರೆ, ಫ್ಲ್ಯಾಂಜ್ ಓರೆ ಕೂತು ಗ್ಯಾಸ್ ಸೋರುತ್ತಿದೆ. ಎರಡೂ ನಟ್ ಸಡಿಲಿಸಿ ಮೊದಲಿನಿಂದ ಬಿಗಿಯಬೇಕು.