ಸಜ್ಜೆ ತಿಂದ ಕೋಳಿಯ ಬಿಳಿ ಕಾಲು

ಹೆಸರಘಟ್ಟದ ಹತ್ತಿರ ನನ್ನದೊಂದು ಸಣ್ಣ ಬ್ರಾಯ್ಲರ್ ಶೆಡ್ ಇದೆ. ಫೀಡ್ ನಾನೇ ಕಲಸುತ್ತೇನೆ. ಎಥೆನಾಲ್ ಕಾರ್ಖಾನೆಗಳು ಕೊಳ್ಳೋಕೆ ಶುರು ಮಾಡಿದ ಮೇಲೆ ಮುಸುಕಿನ ಜೋಳದ ರೇಟು ಏರಿತು. ಯಶವಂತಪುರದ ಯಾರ್ಡಿನಲ್ಲಿ ಸಜ್ಜೆ ಅಗ್ಗಕ್ಕೆ ಸಿಕ್ಕಿತು. ರಾಗಿ ಮನೆಯದೇ ಇತ್ತು. ಸರಿ, ನೋಡೇ ಬಿಡೋಣ ಅಂತ ಒಂದು ಬ್ಯಾಚಿಗೆ ಶೆಡ್ಡನ್ನು ಮೂರು ಭಾಗ ಮಾಡಿದೆ. ಒಂದೊಂದರಲ್ಲಿ 100 ಮರಿ. (ಕೆಲವು ಕೆಂಪು ಜೋಳದಲ್ಲಿ ಪ್ರೋಟೀನ್ ಸರಿಯಾಗಿ ಜೀರ್ಣವಾಗದಂತೆ ಮಾಡುವ ಟ್ಯಾನಿನ್ ಇರುತ್ತದೆ, ಅದರ ಸಹವಾಸಕ್ಕೆ ಹೋಗಲಿಲ್ಲ.)

ಮೊದಲ 14 ದಿನ ಎಲ್ಲಕ್ಕೂ ಒಂದೇ ಸ್ಟಾರ್ಟರ್, ಅಂದರೆ ಎಳೆ ಮರಿಗಳ ಫೀಡ್. ಆಮೇಲೆ ಒಂದು ಗುಂಪಿಗೆ ಬರೀ ಮುಸುಕಿನ ಜೋಳ. ಇನ್ನೆರಡಕ್ಕೆ ಅದರಲ್ಲಿ ಅರ್ಧ ತೆಗೆದು, ಒಂದಕ್ಕೆ ಸಜ್ಜೆ, ಒಂದಕ್ಕೆ ರಾಗಿ. ಸೋಯಾ ಹಿಂಡಿ, ವಿಟಮಿನ್-ಖನಿಜಗಳ ಪ್ರೀಮಿಕ್ಸ್ ಎಲ್ಲಕ್ಕೂ ಹಾಕಿದೆ.

ರಾಗಿಯಲ್ಲಿ ಎಡವಿದೆ. ನಾವು ಹಿಟ್ಟು ಮಾಡಿಸುವ ಗಿರಣಿಯಲ್ಲೇ ಬೀಸಿಸಿದ್ದೆ, ನುಣ್ಣಗೆ ಬಂದಿತ್ತು. ಮರಿಗಳು ತಿಂದು ನೀರಿಗೆ ಬಾಯಿ ಹಾಕಿದವು ನೋಡಿ, ಕೊಕ್ಕಿನ ತುಂಬ ಮುದ್ದೆ! ಒಂದೊಂದನ್ನೇ ಹಿಡಿದು ಉಗುರಲ್ಲಿ ಕೆರೆದು ತೆಗೆದೆ. "ಸಾರೊಂದು ಕಮ್ಮಿ ಕಣೋ" ಅಂದರು ಅಮ್ಮ. ಮರುದಿನವೇ ದಪ್ಪ ಜರಡಿ ಹಾಕಿಸಿ ತರಿತರಿಯಾಗಿ ಒಡೆಸಿದೆ. ಆದರೂ 40ನೇ ದಿನ ಆ ಕೋಳಿಗಳು 1.8 ಕೆಜಿ ದಾಟಲಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ನಿಜ. ಪ್ರೋಟೀನ್ ಮಾತ್ರ ಶೇ 7ರ ಆಸುಪಾಸು, ಮುಸುಕಿನ ಜೋಳಕ್ಕಿಂತ ನಾರು ಜಾಸ್ತಿ, ಶಕ್ತಿ ಕಮ್ಮಿ. ಆರು ವಾರದಲ್ಲಿ ಬೆಳೆದು ನಿಲ್ಲಬೇಕಾದ ಕೋಳಿಗೆ ಅದು ಸಾಲದು.

ಸಜ್ಜೆ ಹಾಗಲ್ಲ. ಮುಸುಕಿನ ಜೋಳದ ಪ್ರೋಟೀನ್ ಶೇ 9ರಷ್ಟಿದ್ದರೆ ಸಜ್ಜೆಯದು 11–12. ಹಾಗಾಗಿ ಸೋಯಾ ಹಿಂಡಿಯನ್ನೂ ಸ್ವಲ್ಪ ಇಳಿಸಿದ್ದೆ. ತೂಕ 2.05 ಕೆಜಿ ಬಂತು. ಬರೀ ಮುಸುಕಿನ ಜೋಳ ತಿಂದವು 2.1. ಆ ಐವತ್ತು ಗ್ರಾಂ ನನಗೇನೂ ನಷ್ಟ ಅನ್ನಿಸಲಿಲ್ಲ.

ಆದರೆ ಕೋಳಿ ಒಯ್ಯಲು ಬಂದ ಅಂಗಡಿಯವರು ಒಂದನ್ನು ಎತ್ತಿ ಕಾಲು ನೋಡಿದರು. "ಏನ್ ಸಾರ್, ಬೆಳ್ಳಗಿದೆ? ಕಾಯಿಲೆ ಕೋಳಿನಾ?" ಚರ್ಮಕ್ಕೆ, ಕಾಲಿಗೆ ಹಳದಿ ಬರುವುದು ಮುಸುಕಿನ ಜೋಳದ ಬಣ್ಣದಿಂದ. ಸಜ್ಜೆಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಎಷ್ಟು ಹೇಳಿದರೂ ಕೇಳದೆ ಕೆಜಿಗೆ ಮೂರು ರೂಪಾಯಿ ಮುರಿದುಕೊಂಡರು. ಫೀಡಿನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಯ್ತು.

ಈಗಲೂ ಅರ್ಧ ಸಜ್ಜೆಯೇ ಹಾಕುತ್ತೇನೆ. ಕೋಳಿ ಮಾತ್ರ ಯಲಹಂಕದಲ್ಲಿ ಚರ್ಮ ಸುಲಿದು ಮಾರುವ ಅಂಗಡಿಗೆ ಹೋಗುತ್ತದೆ. ಅಲ್ಲಿ ಯಾರೂ ಕಾಲು ನೋಡುವುದಿಲ್ಲ.