ಮೀನಿನ ತೊಟ್ಟಿಯಲ್ಲಿ ಬಿಳಿ ಹುಳು ಕಂಡಾಗ

ಅಕ್ವೇರಿಯಂನ ಗಾಜಿನ ಮೇಲೆ ಕೂದಲೆಳೆ ಗಾತ್ರದ ಬಿಳಿ ಹುಳುಗಳು ಕಂಡ ಕೂಡಲೇ ಮೀನುಗಳನ್ನೆಲ್ಲ ಬಕೆಟ್ಟಿಗೆ ಹಾಕಿ, ನೀರನ್ನು ಪೂರ್ತಿ ಚೆಲ್ಲಿ, ಜಲ್ಲಿಯನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವವರೇ ಹೆಚ್ಚು. ಹೀಗೆ ಮಾಡಿದಾಗ ಅಪಾಯಕ್ಕೆ ಸಿಲುಕುವುದು ಹುಳುಗಳಲ್ಲ, ಮೀನುಗಳು. ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟೇನೂ ಕೇಡಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಜಲ್ಲಿಯಲ್ಲಿ ಮತ್ತು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಕ್ಲೋರಿನ್ ಬೆರೆತ ನಲ್ಲಿನೀರು ತಾಗಿ ಅವು ಸತ್ತರೆ ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ವಿಷವೇ ಆಗಿರುತ್ತದೆ.

ಆದ್ದರಿಂದ ಮೊದಲು ಬಂದಿರುವ ಹುಳು ಯಾವುದೆಂದು ಗುರುತಿಸಬೇಕು. ರಾತ್ರಿ ದೀಪ ಆರಿಸಿ ಒಂದು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ಗಾಜನ್ನು ನೋಡಿ. ಬಿಳಿ ಅಥವಾ ಕಂದು ಬಣ್ಣದ ಸಪೂರ ಹುಳು ನೀರಿನಲ್ಲಿ ಬಳುಕುತ್ತ ಈಜುತ್ತಿದ್ದರೆ, ಇಲ್ಲವೇ ಜಲ್ಲಿಯ ಸಂದಿಯಿಂದ ತಲೆ ಹೊರಗಿಟ್ಟು ಓಲಾಡುತ್ತಿದ್ದರೆ, ಅದು ಕೊಳೆತದ್ದನ್ನು ತಿಂದು ಬದುಕುವ ಡೆಟ್ರೈಟಸ್ ಹುಳು; ಎರೆಹುಳುವಿನ ದೂರದ ಬಂಧು, ಮೀನಿಗೆ ನಿರುಪದ್ರವಿ. ಈಜದೆ ಗಾಜಿಗೆ ಅಂಟಿಕೊಂಡು ನುಣ್ಣಗೆ ಜಾರುತ್ತಿದ್ದು, ಚಪ್ಪಟೆ ಮೈ, ತ್ರಿಕೋನದ ತಲೆ, ಅದರ ಮೇಲೆ ಎರಡು ಕಪ್ಪು ಕಣ್ಣುಚುಕ್ಕೆಗಳಿದ್ದರೆ ಅದು ಪ್ಲನೇರಿಯಾ. ದೊಡ್ಡ ಮೀನಿಗೆ ಇದರಿಂದ ತೊಂದರೆಯಿಲ್ಲದಿದ್ದರೂ ಸಿಗಡಿ ಮರಿಗಳನ್ನೂ ಮೀನಿನ ಮೊಟ್ಟೆಗಳನ್ನೂ ಇದು ಬಿಡುವುದಿಲ್ಲ.

ಡೆಟ್ರೈಟಸ್ ಹುಳು ಹೆಚ್ಚಾಗಲು ಕಾರಣ ಬಹುಪಾಲು ನಮ್ಮ ಕೈಯೇ. ಮಕ್ಕಳೊಮ್ಮೆ, ಅಜ್ಜಿಯೊಮ್ಮೆ, ಮೀನು ಬಾಯಿ ತೆರೆದಾಗಲೆಲ್ಲ ಮನೆಗೆ ಬಂದ ನೆಂಟರೊಮ್ಮೆ ಕಾಳು ಹಾಕುವ ಮನೆಯಲ್ಲಿ ಉಳಿದದ್ದೆಲ್ಲ ಜಲ್ಲಿಯೊಳಗೆ ಇಳಿದು ಕೊಳೆಯುತ್ತದೆ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟನ್ನೇ ಹಾಕಿ, ಆ ಕೆಲಸವನ್ನು ಮನೆಯಲ್ಲಿ ಒಬ್ಬರಿಗೇ ವಹಿಸಿ. ವಾರಕ್ಕೊಂದು ದಿನ ಆರೋಗ್ಯವಂತ ದೊಡ್ಡ ಮೀನುಗಳಿಗೆ ಉಪವಾಸ ಹಾಕಿದರೂ ಏನೂ ಆಗದು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದಷ್ಟು ನೀರು ತೆಗೆಯುವಾಗ ಅದನ್ನು ಮೇಲಿನಿಂದ ಮೊಗೆಯದೆ ಸೈಫನ್ ಕೊಳವೆಯ ಅಗಲವಾದ ಬಾಯಿಯನ್ನು ಜಲ್ಲಿಯೊಳಗೆ ಊರಿ ಹಿಡಿಯಬೇಕು. ಕಲ್ಲುಗಳು ಕೊಳವೆಯೊಳಗೆ ಸ್ವಲ್ಪ ಮೇಲೆದ್ದು, ಕಂದು ಹೊಲಸು ನೀರಿನೊಡನೆ ಹೊರಟು, ಕಲ್ಲು ಮರಳಿ ಕೆಳಗೆ ಬೀಳುತ್ತದೆ. ಒಂದೇ ಸಲಕ್ಕೆ ಇಡೀ ತಳವನ್ನು ಕೆದಕದೆ ವಾರಕ್ಕೆ ಅರ್ಧ ಭಾಗದಂತೆ ಮಾಡುವುದು ಕ್ಷೇಮ. ಹೀಗೆ ತೆಗೆದ ನೀರಿನಲ್ಲಿಯೇ ಸ್ಪಂಜನ್ನು ಹಿಂಡಿ ತೊಳೆಯಿರಿ. ಹೊಸದಾಗಿ ತುಂಬುವ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿರಬೇಕು.

ಈ ಹುಳುಗಳು ಒಮ್ಮೆಲೇ ಗುಂಪಾಗಿ ನೀರಿನ ಮೇಲ್ಭಾಗಕ್ಕೆ ಹತ್ತಿದರೆ ಮಾತ್ರ ನೀರಿಗೆ ಗಾಳಿ ಸೇರಿಸಲು ತಡಮಾಡಬೇಡಿ. ತಳದಲ್ಲಿ ಆಮ್ಲಜನಕ ಕಡಿಮೆಯಾಗಿರುವ ಸೂಚನೆ ಅದಾಗಿರಬಹುದು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಬೇಸಿಗೆಯಲ್ಲಿ, ಅದರಲ್ಲೂ ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ, ಹೀಗಾಗುವುದುಂಟು.

ಪ್ಲನೇರಿಯಾವನ್ನು ಗಾಜಿನ ಮೇಲೆ ಬ್ಲೇಡಿನಿಂದ ಹೆರೆಯಬಾರದು. ತುಂಡಾದ ಒಂದೊಂದು ಚೂರೂ ಮತ್ತೆ ಪೂರ್ಣ ಹುಳುವಾಗಿ ಬೆಳೆಯಬಲ್ಲದು. ಮೀನು, ಸಿಗಡಿಗಳು ನುಸುಳಲಾರದಷ್ಟು ಸಣ್ಣ ತೂತುಗಳಿರುವ ಪುಟ್ಟ ಡಬ್ಬಿಯಲ್ಲಿ ಹಸಿ ಮಾಂಸದ ಚೂರಿಟ್ಟು ರಾತ್ರಿ ತಳದಲ್ಲಿರಿಸಿ, ಬೆಳಗಾಗುವ ಮುನ್ನ ಎತ್ತಿದರೆ ಸಾಕಷ್ಟು ಸಿಕ್ಕಿಬೀಳುತ್ತವೆ. ಔಷಧವೇ ಬೇಕಾದರೆ ಫೆನ್ಬೆಂಡಜೋಲ್ ಕೆಲಸ ಮಾಡುತ್ತದೆ, ಆದರೆ ಬಸವನಹುಳುಗಳಿಗೆ ಅದು ಅಪಾಯಕಾರಿ. ಪ್ಲನೇರಿಯಾ ಕೊಲ್ಲಲು ಮಾರುವ ಕೆಲವು ಪುಡಿಗಳಲ್ಲಿರುವುದು ಅಡಿಕೆಯ ಸಾರವೆಂದರೆ ಮಲೆನಾಡಿನವರಿಗೆ ಸೋಜಿಗವೆನಿಸಬಹುದು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಹಿಂದೆ ನಾಯಿಗಳ ಲಾಡಿಹುಳುವಿಗೂ ಮದ್ದಾಗಿತ್ತು. ಹಾಗೆಂದು ಕವಳದ ತಟ್ಟೆಯ ಅಡಿಕೆಯನ್ನು ತೊಟ್ಟಿಗೆ ಹಾಕಬೇಡಿ, ಅದರ ಪ್ರಮಾಣವನ್ನು ಅಂದಾಜಿನಲ್ಲಿ ನಿರ್ಧರಿಸಲಾಗದು. ಯಾವ ಔಷಧ ಹಾಕಿದರೂ ಸತ್ತ ಹುಳುಗಳು ಕೊಳೆತು ಅಮೋನಿಯಾ ಏರುವುದರಿಂದ ಮರುದಿನ ತಳವನ್ನು ಸೈಫನ್ ಮಾಡಲೇಬೇಕು.

ಇವುಗಳಿಗಿಂತ ಬೇರೆಯೇ ಜಾತಿಯದು ಕಮಲಾನಸ್. ಗಪ್ಪಿಯಂತಹ ಮೀನಿನ ಗುದದ್ವಾರದಿಂದ ಕೆಂಪು ದಾರದ ತುದಿಗಳು ಹೊರಗೆ ಚಾಚಿಕೊಂಡಿದ್ದರೆ ಅದು ಕರುಳಿನ ಪರಾವಲಂಬಿ, ತಳ ಗುಡಿಸಿದ ಮಾತ್ರಕ್ಕೆ ಹೋಗುವುದಲ್ಲ. ಚಿಮಟದಿಂದ ಎಳೆಯಲು ಹೋಗದೆ ಲೆವಾಮಿಸೋಲ್ ಚಿಕಿತ್ಸೆಗಾಗಿ ಪಶುವೈದ್ಯರನ್ನು ಕೇಳಿ, ಆ ತೊಟ್ಟಿಯ ಬಲೆ, ಕೊಳವೆಗಳನ್ನು ಇನ್ನೊಂದು ತೊಟ್ಟಿಗೆ ಬಳಸಬೇಡಿ.

ಹೊಸ ಗಿಡ ತಂದಾಗ ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಗಮನಿಸಿ. ಅಂಗಡಿಗಳಲ್ಲಿ ಜೀವಂತ ಮಾರುವ ಟ್ಯೂಬಿಫೆಕ್ಸ್ ಹುಳುಗಳು ಕೊಳಚೆ ನೀರಿನಲ್ಲಿ ಸೊಂಪಾಗಿ ಬೆಳೆಯುವಂಥವು. ಮೀನಿಗೆ ಎಷ್ಟೇ ಪ್ರಿಯವಾದರೂ ಅವುಗಳ ಬದಲು ಒಣಗಿಸಿದ ಅಥವಾ ಹೆಪ್ಪುಗಟ್ಟಿಸಿದ ಆಹಾರವನ್ನೇ ಕೊಡಿ.